ಮಲೆನಾಡಿನಿಂದ ಬ್ಯಾಂಕಾಕ್‌ಗೆ, ಕಡಿಮೆ ಖರ್ಚಿನಲ್ಲಿ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮ್ಮ, ಚಿಕ್ಕಮ್ಮ, ನಾನು, ಮೂವರೂ ಆರು ದಿನ ಬ್ಯಾಂಕಾಕ್‌ಗೆ ಹೋಗಿ ಬಂದೆವು. ಬಂದ ದಿನದಿಂದ ಪ್ರಶ್ನೆಗಳು ಶುರುವಾದವು. ತೀರ್ಥಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ, ಅಡಿಕೆ ಮಂಡಿಯಲ್ಲಿ ತೂಕಕ್ಕೆ ಕಾಯುವಾಗಲೂ ಕೇಳಿದವರಿದ್ದಾರೆ. ಎಷ್ಟಾಯ್ತು? ಊಟಕ್ಕೆ ಎಂತ ಮಾಡಿದ್ರಿ? ಆ ಜನಜಂಗುಳಿಯಲ್ಲಿ ಅಮ್ಮ ಹೇಗೆ ಓಡಾಡಿದರು? ಒಬ್ಬೊಬ್ಬರಿಗೂ ಅರ್ಧರ್ಧ ಹೇಳುವ ಬದಲು ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ. ಪ್ಯಾಕೇಜ್ ಟೂರ್ ಬಿಟ್ಟು ತಾವೇ ಹೋಗಬೇಕು ಅನ್ನುವವರಿಗೆ ಇದು. ಇಲ್ಲಿರುವ ದರಗಳು ನಾವು ಹೋದಾಗಿನವು, ಸ್ವಲ್ಪ ಹೆಚ್ಚುಕಡಿಮೆ ಆಗುತ್ತವೆ.

ಇಷ್ಟು ಸಣ್ಣ ಊರಿನಿಂದ ಅಷ್ಟು ದೊಡ್ಡ ಊರಿಗೆ ಮೊದಲ ಸಲಕ್ಕೇ ಹೋಗಬಹುದಾ?

ಧಾರಾಳವಾಗಿ ಹೋಗಬಹುದು. ಭಯ ಸಹಜ. 2011ರ ಜನಗಣತಿ ಪ್ರಕಾರ ಇಡೀ ಶಿವಮೊಗ್ಗ ನಗರದ ಜನಸಂಖ್ಯೆ 3 ಲಕ್ಷ ಚಿಲ್ಲರೆ. ಬ್ಯಾಂಕಾಕ್ ಮತ್ತು ಅದಕ್ಕೆ ಅಂಟಿಕೊಂಡ ಊರುಗಳು ಸೇರಿದರೆ 1 ಕೋಟಿಗೂ ಹೆಚ್ಚು. ಆದರೆ ಜನಜಂಗುಳಿ ನಮಗೆ ಹೊಸತೇನಲ್ಲ. ಸಾಗರದ ಮಾರಿಕಾಂಬಾ ಜಾತ್ರೆಯಲ್ಲಿ ಮಕ್ಕಳ ಕೈ ಹಿಡಿದುಕೊಂಡು ಓಡಾಡಿದವರಿಗೆ ಅಲ್ಲಿನ ಸಂತೆಯಲ್ಲಿ ಓಡಾಡುವುದು ಗೊತ್ತೇ ಇರುತ್ತದೆ. ಹೊಸತು ಅನ್ನಿಸುವುದು ಭಾಷೆ, ಲಿಪಿ ಮತ್ತು ದೂರ. ಎರಡು ಜಾಗಗಳ ನಡುವೆ ಮ್ಯಾಪ್‌ನಲ್ಲಿ ಒಂದು ಬೆರಳಿನಷ್ಟು ಅಂತರ ಕಾಣುತ್ತದೆ, ರಸ್ತೆಯಲ್ಲಿ ಹೋದರೆ ಒಂದೂವರೆ ತಾಸು. ಅದಕ್ಕೇ ನಾನು ಎಲ್ಲರಿಗೂ ಹೇಳುವುದು ಒಂದೇ: ಆ ಊರಿನಲ್ಲಿ ರಸ್ತೆ ನಂಬಬೇಡಿ, ರೈಲು ಮತ್ತು ದೋಣಿ ನಂಬಿ. ಖರ್ಚು ಕಡಿಮೆ ಆಗುವುದೂ ಅಲ್ಲೇ, ಸುಸ್ತು ಕಡಿಮೆ ಆಗುವುದೂ ಅಲ್ಲೇ.

ಒಟ್ಟು ಎಷ್ಟು ಖರ್ಚಾಯಿತು?

ಒಬ್ಬೊಬ್ಬರಿಗೆ ಸುಮಾರು 39 ಸಾವಿರ ರೂಪಾಯಿ. ಅದರಲ್ಲಿ ಅರ್ಧದಷ್ಟು ವಿಮಾನಕ್ಕೇ ಹೋಯಿತು. ಬೆಂಗಳೂರಿನಿಂದ ಹೋಗಿ ಬರುವ ಟಿಕೆಟ್ 19 ಸಾವಿರಕ್ಕೆ ಸಿಕ್ಕಿತ್ತು, ಎರಡೂವರೆ ತಿಂಗಳು ಮೊದಲೇ ಮಾಡಿಸಿದ್ದೆ. ಶಿವಮೊಗ್ಗ–ಬೆಂಗಳೂರು ಓಡಾಟ, ವಿಮೆ, ಸಿಮ್ ಎಲ್ಲ ಸೇರಿ ಇನ್ನೊಂದು 3 ಸಾವಿರ. ಉಳಿದದ್ದು ಅಲ್ಲಿನ ರೂಮು, ಊಟ, ಓಡಾಟ, ಟಿಕೆಟ್ಟು. ಅಲ್ಲಿನ ದುಡ್ಡು ಬಾಟ್. ನಾವು ಹೋದಾಗ 1 ಬಾಟ್‌ಗೆ ಸುಮಾರು ಎರಡೂ ಮುಕ್ಕಾಲು ರೂಪಾಯಿ ಇತ್ತು.

ಲೆಕ್ಕ ಇಡಲು ನಾನೊಂದು ಸುಲಭದ ದಾರಿ ಮಾಡಿಕೊಂಡಿದ್ದೆ. ಪ್ರತಿದಿನ ಬೆಳಿಗ್ಗೆ ಮೂವರಿಗೂ ಸೇರಿ 1,500 ಬಾಟ್ ಎಣಿಸಿ ಒಂದು ಸಣ್ಣ ಪರ್ಸಿಗೆ ಹಾಕುವುದು, ಅದನ್ನ ಚಿಕ್ಕಮ್ಮನ ಕೈಗೆ ಕೊಡುವುದು. ಚಿಕ್ಕಮ್ಮ ಮನೆಯಲ್ಲಿ ಹಾಲಿನ ಲೆಕ್ಕ ಬರೆಯುವ ಹಾಗೆಯೇ ಬರೆಯುತ್ತಿದ್ದರು. ಸಂಜೆ ಉಳಿದರೆ ಐಸ್‌ಕ್ರೀಮು. ರೂಮಿನ ಬಾಡಿಗೆ ಮತ್ತು ಅರಮನೆಯಂಥ ದೊಡ್ಡ ಟಿಕೆಟ್ ಇದರಲ್ಲಿ ಸೇರಿಸಲಿಲ್ಲ.

ಪಾಸ್‌ಪೋರ್ಟ್‌ಗೆ ಬೆಂಗಳೂರಿಗೆ ಹೋಗಬೇಕಾ?

ಬೇಡ. ಶಿವಮೊಗ್ಗದಲ್ಲೇ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರ ಇದೆ. ಆನ್‌ಲೈನ್‌ನಲ್ಲಿ ಅರ್ಜಿ ತುಂಬಿ, ದುಡ್ಡು ಕಟ್ಟಿ, ದಿನ ಗೊತ್ತು ಮಾಡಿಕೊಂಡು ಹೋಗಬೇಕು. 36 ಪುಟದ ಸಾಮಾನ್ಯ ಪಾಸ್‌ಪೋರ್ಟ್‌ಗೆ 1,500 ರೂಪಾಯಿ, 60 ವರ್ಷ ದಾಟಿದವರಿಗೆ ಶೇಕಡಾ 10 ರಿಯಾಯಿತಿ. ಅಮ್ಮನಿಗೆ ತೊಂದರೆ ಆದದ್ದು ಹೆಸರಿನಲ್ಲಿ. ಆಧಾರ್‌ನಲ್ಲಿ ಒಂದು ಥರ, ಮತದಾರರ ಚೀಟಿಯಲ್ಲಿ ಇನ್ನೊಂದು ಥರ. ಅರ್ಜಿ ಹಾಕುವ ಮೊದಲು ಎಲ್ಲ ಕಾಗದದಲ್ಲೂ ಹೆಸರು ಒಂದೇ ರೀತಿ ಇದೆಯಾ ನೋಡಿಕೊಳ್ಳಿ. ಇಷ್ಟು ಮಾಡಿದರೆ ತಿಂಗಳುಗಟ್ಟಲೆ ಅಲೆದಾಟ ತಪ್ಪುತ್ತದೆ.

ಹಳೇ ಪಾಸ್‌ಪೋರ್ಟ್ ಇರುವವರು ಅದರ ಅವಧಿ ಇನ್ನೂ ಆರು ತಿಂಗಳಾದರೂ ಇದೆಯಾ ನೋಡಿ.

ವೀಸಾ ಬೇಕಾ?

2024ರ ಜುಲೈಯಲ್ಲಿ ಥೈಲ್ಯಾಂಡ್ ಭಾರತೀಯರಿಗೆ 60 ದಿನದವರೆಗೆ ವೀಸಾ ಇಲ್ಲದೆ ಬರಲು ಬಿಟ್ಟಿತು. ಇಂಥ ನಿಯಮ ಆಗಾಗ ಬದಲಾಗುತ್ತದೆ. ಟಿಕೆಟ್ ಮಾಡಿಸುವ ಮೊದಲು ಥಾಯ್ ರಾಯಭಾರ ಕಚೇರಿಯ ಜಾಲತಾಣವನ್ನೇ ನೋಡಿ, ಯಾರದೋ ವಾಟ್ಸಾಪ್ ಮೆಸೇಜ್ ನಂಬಬೇಡಿ.

ವೀಸಾ ಬೇಡವಾದರೂ ಒಂದು ಕೆಲಸ ಇದೆ. 2025ರ ಮೇ 1ರಿಂದ ಎಲ್ಲರೂ ಡಿಜಿಟಲ್ ಅರೈವಲ್ ಕಾರ್ಡ್ ತುಂಬಬೇಕು. ಅಲ್ಲಿಗೆ ತಲುಪುವ ಮೊದಲಿನ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ತುಂಬುವುದು. ಇದು ಪೂರ್ತಿ ಉಚಿತ. ದುಡ್ಡು ಕೇಳುವ ಪುಟ ಬಂದರೆ ಅದು ಸರ್ಕಾರದ್ದಲ್ಲ ಅಂತ ತಿಳಿದು ಮುಚ್ಚಿಬಿಡಿ. ವಾಪಸ್ ಟಿಕೆಟ್, ಹೋಟೆಲ್ ಬುಕಿಂಗ್ ಎರಡನ್ನೂ ಪ್ರಿಂಟ್ ಹಾಕಿಸಿ ಕೈಯಲ್ಲಿ ಇಟ್ಟುಕೊಳ್ಳಿ. ಬೆಂಗಳೂರಿನಲ್ಲೂ ಕೇಳಬಹುದು, ಅಲ್ಲೂ ಕೇಳಬಹುದು. ಖರ್ಚಿಗೆ ದುಡ್ಡಿದೆಯಾ ಅಂತಲೂ ಕೇಳುವುದುಂಟು.

ಊರಿನಿಂದ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಹೇಗೆ ಹೋಗೋದು?

ಶಿವಮೊಗ್ಗದ ಸೋಗಾನೆಯಲ್ಲಿ ನಮ್ಮದೇ ವಿಮಾನ ನಿಲ್ದಾಣ 2023ರಲ್ಲಿ ಶುರುವಾಯಿತು. ಆದರೆ ಖರ್ಚು ನೋಡುವವರಿಗೆ ರೈಲೇ ವಾಸಿ. ಸಾಗರ, ತಾಳಗುಪ್ಪ ಕಡೆಯವರಿಗೆ ಮೈಸೂರಿಗೆ ಹೋಗುವ ರಾತ್ರಿ ರೈಲು ಬೆಂಗಳೂರಿಗೆ ಬೆಳಗಿನ ಜಾವ ಮುಟ್ಟಿಸುತ್ತದೆ. ಮೆಜೆಸ್ಟಿಕ್‌ನಿಂದ ವಿಮಾನ ನಿಲ್ದಾಣಕ್ಕೆ ವಾಯುವಜ್ರ ಬಸ್ ಇದೆ. ಬ್ಯಾಂಕಾಕ್ ವಿಮಾನಗಳು ಹೆಚ್ಚಾಗಿ ರಾತ್ರಿ ಹೊತ್ತು. ಅವತ್ತೇ ಊರಿನಿಂದ ಹೊರಟು ಅವತ್ತೇ ವಿಮಾನ ಹತ್ತುವ ಹಾಗಿದ್ದರೆ ಕನಿಷ್ಠ ಆರು ತಾಸು ಕೈಯಲ್ಲಿ ಇಟ್ಟುಕೊಳ್ಳಿ. ವಿಮಾನ ಪ್ರಯಾಣ ನಾಲ್ಕು ತಾಸಿನ ಹತ್ತಿರ. ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ತಾಸು ಮುಂದೆ.

ಇಳಿದ ಮೇಲೆ ಟ್ಯಾಕ್ಸಿ ಮಾಡಬೇಕಾ?

ಮಾಡಲೇಬೇಕು ಅಂತಿಲ್ಲ. ದೊಡ್ಡ ನಿಲ್ದಾಣದ ಹೆಸರು ಸುವರ್ಣಭೂಮಿ. ಅವರು ಅದನ್ನ 'ಸುವನ್ನಫೂಮ್' ಅನ್ನುತ್ತಾರೆ. ಬೋರ್ಡಿನಲ್ಲಿ ಆ ಹೆಸರು ನೋಡಿ ಅಮ್ಮನಿಗೆ ಅರ್ಧ ಭಯ ಹೋಯಿತು. ಅದೇ ಕಟ್ಟಡದ ನೆಲಮಾಳಿಗೆಯಿಂದ ಏರ್‌ಪೋರ್ಟ್ ರೈಲು ಹೊರಡುತ್ತದೆ. ಕೊನೆಯ ಸ್ಟೇಷನ್ ಫಯಾ ಥಾಯ್‌ಗೆ 45 ಬಾಟ್, ಅರ್ಧ ತಾಸು. ಟ್ಯಾಕ್ಸಿಯಾದರೆ ಮೀಟರು, ನಿಲ್ದಾಣದ 50 ಬಾಟ್, ಟೋಲು ಎಲ್ಲ ಸೇರಿ 400ರ ಹತ್ತಿರ ಹೋಗುತ್ತದೆ. ಆದರೆ ಮೂರು ನಾಲ್ಕು ಜನ ಇದ್ದು, ಜೊತೆಗೆ ಮಂಡಿನೋವಿನವರು, ಭಾರದ ಬ್ಯಾಗು ಇದ್ದರೆ ಟ್ಯಾಕ್ಸಿಯೇ ಸರಿ. ಅಲ್ಲಿ 200 ಬಾಟ್ ಉಳಿಸಲು ಹೋಗಿ ಮೊದಲ ದಿನವೇ ಸುಸ್ತು ಮಾಡಿಕೊಳ್ಳಬೇಡಿ. ಮಧ್ಯರಾತ್ರಿ ಕಳೆದ ಮೇಲೆ ಆ ರೈಲು ಇರುವುದಿಲ್ಲ, ಬೆಳಿಗ್ಗೆ ಐದೂವರೆಯ ಸುಮಾರಿಗೆ ಮತ್ತೆ ಶುರು.

ಎಲ್ಲಿ ಉಳಿಯೋದು?

ಈ ಪ್ರಶ್ನೆಗೆ ಉದ್ದ ಉತ್ತರ ಕೊಡುತ್ತೇನೆ, ಯಾಕೆಂದರೆ ನಾನು ತಪ್ಪಿದ್ದು ಇಲ್ಲೇ.

ಮೊದಲ ಎರಡು ರಾತ್ರಿಗೆ ನಾನು ಬುಕ್ ಮಾಡಿದ ರೂಮು ಬಹಳ ಅಗ್ಗ, ಮೂವರಿಗೆ 800 ಬಾಟ್. ಚಿತ್ರದಲ್ಲಿ ಚೆಂದ ಕಾಣುತ್ತಿತ್ತು. 'ರೈಲು ಸ್ಟೇಷನ್‌ಗೆ ಹತ್ತಿರ' ಅಂತ ಬರೆದಿದ್ದರು. ಹೋಗಿ ನೋಡಿದರೆ ಸ್ಟೇಷನ್ ಎರಡೂವರೆ ಕಿಲೋಮೀಟರ್. ಫುಟ್‌ಪಾತ್ ಅರ್ಧ ಕಿತ್ತುಹೋಗಿತ್ತು, ಬಿಸಿಲು ನೆತ್ತಿ ಸುಡುತ್ತಿತ್ತು. ಅಮ್ಮ ಮುನ್ನೂರು ಹೆಜ್ಜೆ ನಡೆದು ಒಂದು ಅಂಗಡಿ ಕಟ್ಟೆ ಮೇಲೆ ಕೂತುಬಿಟ್ಟರು. "ಇಲ್ಲಿಂದ ಆಟೋ ಸಿಕ್ಕಿದ್ರೆ ಹೋಗನ, ಇಲ್ದಿದ್ರೆ ನಾ ಇಲ್ಲೇ ಕೂತಿರ್ತೆ, ನೀವು ಊರು ನೋಡ್ಕಂಡು ಬನ್ನಿ" ಅಂದರು. ಹೋಗಲು ಬರಲು ದಿನಕ್ಕೆ 200 ಬಾಟ್ ಟ್ಯಾಕ್ಸಿಗೇ ಹೋಯಿತು. ರೂಮಿನಲ್ಲಿ ಉಳಿಸಿದ್ದರಲ್ಲಿ ಒಂದಿಷ್ಟು ರಸ್ತೆಯಲ್ಲಿ ಕರಗಿತು, ಮೇಲಿಂದ ದಿನಕ್ಕೆ ಎರಡು ತಾಸು ಟ್ರಾಫಿಕ್‌ನಲ್ಲಿ ಹೋಯಿತು.

ಮೂರನೇ ದಿನ ಫಯಾ ಥಾಯ್ ಹತ್ತಿರ 1,300 ಬಾಟ್‌ನ ರೂಮಿಗೆ ಬಂದೆವು. ಸ್ಟೇಷನ್ ಐದು ನಿಮಿಷದ ದಾರಿ. ಬಿಸಿಲು ಏರಿದಾಗ ವಾಪಸ್ ಬಂದು ಅಮ್ಮ ಒಂದು ತಾಸು ಮಲಗಿ, ನಾಲ್ಕು ಗಂಟೆಗೆ ಮತ್ತೆ ಹೊರಡುತ್ತಿದ್ದರು. ಆಮೇಲಿನ ಮೂರು ದಿನ ಒಂದು ಸಲವೂ ಬೈಸಿಕೊಳ್ಳಲಿಲ್ಲ.

ಹಾಗಾಗಿ ರೂಮು ಹುಡುಕುವಾಗ ಮ್ಯಾಪ್ ತೆಗೆದು ಸ್ಟೇಷನ್‌ಗೆ ಎಷ್ಟು ಮೀಟರ್ ಅಂತ ನೀವೇ ಅಳೆಯಿರಿ. 500 ಮೀಟರ್ ದಾಟಿದರೆ ಬೇಡ. ಫಯಾ ಥಾಯ್ ಮತ್ತು ಪಕ್ಕದ ರಾಚಥೇವಿ ಚೆನ್ನಾಗಿದೆ. ಹಳೇ ರೈಲು ನಿಲ್ದಾಣ ಹುವಾ ಲಂಫೋಂಗ್ ಸುತ್ತಮುತ್ತ ಕಡಿಮೆ ಬಾಡಿಗೆಗೆ ಸಿಗುತ್ತದೆ, ಅಲ್ಲಿ ನೆಲದಡಿಯ ಮೆಟ್ರೋ ಇದೆ. ಖಾವೊಸಾನ್ ರಸ್ತೆ ಅಗ್ಗ ಅಂತ ಎಲ್ಲರೂ ಹೇಳುತ್ತಾರೆ. ಹುಡುಗರಿಗೆ ಸರಿ. ರಾತ್ರಿಯೆಲ್ಲ ಹಾಡು ಗಲಾಟೆ, ಹತ್ತಿರದಲ್ಲಿ ರೈಲೂ ಇಲ್ಲ. ಅಪ್ಪ ಅಮ್ಮನನ್ನ ಅಲ್ಲಿ ಇಳಿಸಬೇಡಿ.

ಒಬ್ಬರೇ ಹೋಗುವವರಿಗೆ ಹಾಸ್ಟೆಲ್‌ನಲ್ಲಿ ಒಂದು ಹಾಸಿಗೆ 300–500 ಬಾಟ್‌ಗೆ ಸಿಗುತ್ತದೆ. ಹೆಂಗಸರಿಗೇ ಬೇರೆ ಕೋಣೆ ಇರುವ ಹಾಸ್ಟೆಲ್‌ಗಳಿವೆ.

ಊರೊಳಗೆ ಓಡಾಡೋದು ಹೇಗೆ?

ಮೇಲೆ ಓಡುವ ರೈಲು ಸ್ಕೈಟ್ರೇನ್, 1999ರಲ್ಲಿ ಶುರುವಾದದ್ದು. ನೆಲದಡಿಯ ಮೆಟ್ರೋ 2004ರದ್ದು. ಎರಡೂ ಬೇರೆ ಬೇರೆ ಕಂಪನಿಯವು, ಒಂದರ ಟಿಕೆಟ್ ಇನ್ನೊಂದಕ್ಕೆ ನಡೆಯುವುದಿಲ್ಲ. ಮೆಟ್ರೋದಲ್ಲಿ ನಮ್ಮ ಟ್ಯಾಪ್ ಮಾಡುವ ಅಂತರರಾಷ್ಟ್ರೀಯ ಕಾರ್ಡ್ ನೇರ ಗೇಟಿಗೆ ತೋರಿಸಿದರೂ ಆಗುತ್ತದೆ. ಒಂದು ಸಲದ ಪ್ರಯಾಣ ಹೆಚ್ಚಾಗಿ 20–45 ಬಾಟ್. ಬೆಳಿಗ್ಗೆ ಏಳೂವರೆಯಿಂದ ಒಂಬತ್ತು, ಸಂಜೆ ಐದರಿಂದ ಏಳು, ಈ ಹೊತ್ತಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಆ ಹೊತ್ತು ತಿಂಡಿ ತಿನ್ನಲು ಇಟ್ಟುಕೊಳ್ಳಿ.

ಆದರೆ ನನಗೆ ಆ ಊರು ಇಷ್ಟವಾದದ್ದು ದೋಣಿಯಿಂದ. ಊರಿನ ಮಧ್ಯೆ ಚಾವೊ ಫ್ರಾಯಾ ನದಿ ಹರಿಯುತ್ತದೆ. ಸ್ಕೈಟ್ರೇನ್‌ನಲ್ಲಿ ಸಫಾನ್ ತಕ್ಸಿನ್ ಸ್ಟೇಷನ್‌ಗೆ ಬಂದು ಇಳಿದರೆ ಕೆಳಗೇ ಸಾಥೋರ್ನ್ ದೋಣಿಕಟ್ಟೆ. ಅಲ್ಲಿ ಕಿತ್ತಳೆ ಬಾವುಟದ ದೋಣಿ ಕೇಳಿ, ಎಲ್ಲಿಗೆ ಹೋದರೂ 16 ಬಾಟ್. ಪ್ರವಾಸಿಗರ ನೀಲಿ ಬಾವುಟದ ದೋಣಿಯ ಟಿಕೆಟ್ ಮಾರುವವರು ಮೊದಲು ಸಿಗುತ್ತಾರೆ, ಅದು ಜಾಸ್ತಿ ದುಡ್ಡು. ನದಿ ಒಂದೇ, ಕಾಣುವ ಗೋಪುರಗಳೂ ಒಂದೇ.

ಇನ್ನೊಂದು ಸೇನ್ ಸೇಪ್ ಕಾಲುವೆಯ ದೋಣಿ. ಇದು ಆಫೀಸಿಗೆ ಹೋಗುವ ಜನರ ದೋಣಿ. ಸಿಗಂದೂರಿನ ಲಾಂಚ್ ನೆನಪಿದೆಯಲ್ಲ, ಅದರ ನಿಧಾನ ಇಲ್ಲಿಲ್ಲ. ದೋಣಿ ಕಟ್ಟೆಗೆ ತಾಗಿ ಅರ್ಧ ನಿಮಿಷ ನಿಲ್ಲುತ್ತದೆ, ಅಷ್ಟರಲ್ಲಿ ಹತ್ತಿಬಿಡಬೇಕು. ಕಂಡಕ್ಟರ್ ಹೆಲ್ಮೆಟ್ ಹಾಕಿಕೊಂಡು ದೋಣಿಯ ಹೊರ ಅಂಚಿನ ಮೇಲೆ ನಡೆಯುತ್ತಾ, ಒಂದು ಕೈಯಲ್ಲಿ ಹಗ್ಗ ಹಿಡಿದು ಇನ್ನೊಂದು ಕೈಯಲ್ಲಿ ದುಡ್ಡು ಇಸಿದುಕೊಳ್ಳುತ್ತಾರೆ. ಎದುರಿಗೆ ಇನ್ನೊಂದು ದೋಣಿ ಬಂದರೆ ಕಾಲುವೆಯ ನೀರು ಮುಖಕ್ಕೆ ಹಾರುತ್ತದೆ. ಆಗ ಪಕ್ಕದಲ್ಲಿ ಕೂತವರು ಒಂದು ಹಗ್ಗ ಎಳೆಯಬೇಕು, ಪ್ಲಾಸ್ಟಿಕ್ ತಾಡಪಾಲು ಮೇಲೇಳುತ್ತದೆ. ಚಿಕ್ಕಮ್ಮನ ಪಕ್ಕಕ್ಕೇ ಹಗ್ಗ ಬಂದಿತ್ತು. ಎರಡು ಸಲ ನೀರು ಕುಡಿದ ಮೇಲೆ ಮೂರನೇ ಸಲಕ್ಕೆ ಸರಿಯಾಗಿ ಎಳೆದರು. ಎದುರು ಕೂತಿದ್ದ ಅಲ್ಲಿನ ಅಜ್ಜಿಯೊಬ್ಬರು ಹೆಬ್ಬೆರಳು ಎತ್ತಿ ನಕ್ಕರು. ಮಂಡಿನೋವಿದ್ದವರನ್ನ ಈ ದೋಣಿಗೆ ಮಾತ್ರ ಹತ್ತಿಸಬೇಡಿ. ಅಮ್ಮ ಅವತ್ತು ರೂಮಿನಲ್ಲೇ ಇದ್ದರು.

ಸಸ್ಯಾಹಾರಿಗಳಿಗೆ ಊಟ ಸಿಗುತ್ತಾ?

ಸಿಗುತ್ತದೆ, ಆದರೆ ಕೇಳುವ ರೀತಿ ಗೊತ್ತಿರಬೇಕು. 'ವೆಜಿಟೇರಿಯನ್' ಅಂದರೆ ತರಕಾರಿ ಹಾಕಿ ಮೇಲೆ ಮೀನಿನ ಸಾಸ್ ಸುರಿದು ಕೊಡುತ್ತಾರೆ. ಅವರಿಗೆ ಅದು ಉಪ್ಪಿನ ಜಾಗದಲ್ಲಿ ಇರುವಂಥದ್ದು, ಮಾಂಸದ ಲೆಕ್ಕಕ್ಕೇ ಬರುವುದಿಲ್ಲ. ಕೇಳಬೇಕಾದ ಮಾತು 'ಜೇ'. 'ಕಿನ್ ಜೇ' ಅಂದರೆ ನಾನು ಜೇ ಊಟ ಮಾಡುವವಳು ಅಂತ. ಜೇ ಅಂದರೆ ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲ. ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ನಮ್ಮ ಮನೆಗಳಲ್ಲಿ ವ್ರತದ ದಿನ ಮಾಡುವ ಅಡುಗೆಗೆ ಹತ್ತಿರ. ಜೇ ಅಂಗಡಿಗೆ ಹಳದಿ ಬಾವುಟ, ಅದರ ಮೇಲೆ ಕೆಂಪು ಅಕ್ಷರ. ಆ ಬಾವುಟದ ಚಿತ್ರ ಫೋನಿನಲ್ಲಿ ಇಟ್ಟುಕೊಳ್ಳಿ. ಅಕ್ಟೋಬರ್ ಸುಮಾರಿಗೆ ಒಂಬತ್ತು ದಿನದ ಜೇ ಹಬ್ಬ ಬರುತ್ತದೆ, ಆಗ ಚೈನಾಟೌನ್ ಯಾವರಾತ್ ಬೀದಿ ತುಂಬಾ ಹಳದಿ ಬಾವುಟಗಳೇ. ಬೇರೆ ಅಂಗಡಿಯಲ್ಲಿ 'ಮಾಯ್ ಸಾಯ್ ನಾಮ್ ಪ್ಲಾ' ಅನ್ನಿ, ಮೀನಿನ ಸಾಸ್ ಹಾಕಬೇಡಿ ಅಂತ ಅರ್ಥ.

ಭಾರತದ ಊಟವೇ ಬೇಕು ಅನ್ನಿಸಿದಾಗ ಫಾಹುರತ್‌ಗೆ ಹೋದೆವು. ಅದು ಬಟ್ಟೆ ವ್ಯಾಪಾರದ ಜಾಗ, ಅಲ್ಲೊಂದು ದೊಡ್ಡ ಗುರುದ್ವಾರವೂ ಇದೆ. ಚಪಾತಿ, ದಾಲ್ ಸಿಗುತ್ತದೆ, ಆದರೆ ಬೀದಿ ಊಟಕ್ಕಿಂತ ಎರಡು ಮೂರು ಪಟ್ಟು ದರ. ದಿನಾ ಅಲ್ಲೇ ತಿಂದರೆ ಬಜೆಟ್ ಉಳಿಯುವುದಿಲ್ಲ.

ಮನೆಯಿಂದ ಅವಲಕ್ಕಿ, ಚಟ್ನಿಪುಡಿ, ಹುರಿದ ಮಂಡಕ್ಕಿ ಒಯ್ದಿದ್ದೆವು. ಅಪ್ಪೆಮಿಡಿ ಉಪ್ಪಿನಕಾಯಿ ಒಂದು ಸಣ್ಣ ಡಬ್ಬಿ, ಎರಡು ಪ್ಲಾಸ್ಟಿಕ್ ಕವರ್ ಸುತ್ತಿ ಚೆಕ್ ಇನ್ ಬ್ಯಾಗಿನಲ್ಲಿ. ಕೈಚೀಲದಲ್ಲಿ ಉಪ್ಪಿನಕಾಯಿ ಬಿಡುವುದಿಲ್ಲ. ಹಸಿ ಹಣ್ಣು ತರಕಾರಿ ಒಯ್ಯಬೇಡಿ. ಅಲ್ಲಿ ಬಿಡಿಸಿದ ಹಲಸಿನ ತೊಳೆ, ಎಳನೀರು, ಮಾವು ಎಲ್ಲ ಬೀದಿಯಲ್ಲೇ ಇದೆ. ಮಾವಿನಹಣ್ಣಿನ ಜೊತೆ ತೆಂಗಿನಹಾಲು ಸುರಿದ ಸಿಹಿ ಅನ್ನ ಕೊಡುತ್ತಾರೆ, ಅದನ್ನ ಬಿಡಬೇಡಿ.

ಬೀದಿ ತಿಂಡಿಯಲ್ಲಿ ಎಂತ ತಿನ್ನಬಹುದು?

ಒಂದೇ ಒಂದು ಹೇಳು ಅಂದರೆ ಖನೋಮ್ ಖ್ರೋಕ್. ಒಂದು ಸಂಜೆ ಅಮ್ಮ ನಡೆಯುತ್ತಿದ್ದವರು ಗಕ್ಕನೆ ನಿಂತರು. ಗಾಡಿಯ ಮೇಲೆ ಗುಳಿಗುಳಿ ಇರುವ ಕಪ್ಪು ಕಾವಲಿ. ಮಾರುವ ಹೆಂಗಸು ತಂಬಿಗೆಯಂಥ ಪಾತ್ರೆಯಿಂದ ಬಿಳಿ ಹಿಟ್ಟು ಹೊಯ್ಯುತ್ತಾ ಹೋದರು, ಅದರ ಮೇಲೆ ಗಟ್ಟಿ ತೆಂಗಿನಹಾಲು, ಮೇಲೊಂದು ಚಿಟಿಕೆ ಈರುಳ್ಳಿ ಸೊಪ್ಪು. ಮುಚ್ಚಳ ಮುಚ್ಚಿದರು. ಅಮ್ಮ ನನ್ನ ತೋಳು ಹಿಡಿದು, "ಇದು ನಮ್ ಪಡ್ಡೇ ಅಲ್ದನೇ?" ಅಂದರು. ಚಮಚದಿಂದ ಎಬ್ಬಿಸಿ ಎರಡೆರಡು ಜೋಡಿಸಿ ಕೊಟ್ಟರು. ಅಂಚು ಗರಿಗರಿ, ಒಳಗೆ ಮೆತ್ತಗೆ, ಸ್ವಲ್ಪ ಸಿಹಿ ಸ್ವಲ್ಪ ಉಪ್ಪು. ಒಂದು ಡಬ್ಬಿಗೆ 40 ಬಾಟ್. ಅಮ್ಮ ಕಾವಲಿ ತೋರಿಸಿ, ಕೈಯಲ್ಲೇ ಹಿಟ್ಟು ಹೊಯ್ದು ತೋರಿಸಿ, ನಮ್ಮನೆಯಲ್ಲೂ ಇದೆ ಅಂತ ಹೇಳಿದರು. ಆಕೆಗೆ ಅರ್ಥವಾಯಿತು. ಒಂದು ಜೋಡಿ ಹೆಚ್ಚಿಗೆ ಹಾಕಿ ಕೊಟ್ಟರು. ಕೆಲವರು ಸಿಗಡಿ ಹಾಕುತ್ತಾರೆ, ಸಸ್ಯಾಹಾರಿಗಳು ನೋಡಿಕೊಂಡು ತೆಗೆದುಕೊಳ್ಳಿ.

ನೀರು?

ನಲ್ಲಿ ನೀರು ಕುಡಿಯಬೇಡಿ. ಬಾಟಲಿ ನೀರು ಸೆವೆನ್ ಇಲೆವೆನ್ ಅಂಗಡಿಯಲ್ಲಿ ಅಗ್ಗ, ಅದು ಎಲ್ಲ ಗಲ್ಲಿಯಲ್ಲೂ ಇದೆ.

ಏನೇನು ನೋಡಬೇಕು? ಟಿಕೆಟ್ ದುಬಾರಿಯಾ?

ಅರಮನೆ (ಗ್ರ್ಯಾಂಡ್ ಪ್ಯಾಲೇಸ್) ದುಬಾರಿ, 500 ಬಾಟ್. ಆದರೂ ಅದನ್ನ ಬಿಡಬೇಡಿ ಅಂತಲೇ ಹೇಳುತ್ತೇನೆ, ಯಕ್ಷಗಾನ ನೋಡಿ ಬೆಳೆದವರಂತೂ ಬಿಡಲೇಬಾರದು. 1782ರಲ್ಲಿ ಒಂದನೇ ರಾಮ ಅನ್ನುವ ರಾಜ ಊರು ಕಟ್ಟಿದಾಗಿನ ಅರಮನೆ ಇದು. ಅದರೊಳಗೆ ವಾಟ್ ಫ್ರಾ ಕ್ಯಾವ್ ದೇವಸ್ಥಾನ. ಹಸಿರು ಕಲ್ಲಿನ ಬುದ್ಧ 66 ಸೆಂಟಿಮೀಟರ್ ಎತ್ತರ. ಎಲ್ಲರೂ ಅದನ್ನ ನೋಡಿ ಹೊರಟುಬಿಡುತ್ತಾರೆ. ಸುತ್ತಲಿನ ಮೊಗಸಾಲೆಯ ಗೋಡೆ ನೋಡಿ. ಅಲ್ಲಿ 178 ಚಿತ್ರಗಳಲ್ಲಿ ಅವರ ರಾಮಾಯಣ ಇದೆ, ಹೆಸರು ರಾಮಕಿಯನ್.

ಚಿಕ್ಕಮ್ಮ ಬಯಲಾಟದ ಹುಚ್ಚಿನವರು. ಬೆಳಗಿನ ತನಕ ಕೂತು ನೋಡುತ್ತಿದ್ದವರು. ಒಂದು ಚಿತ್ರದಲ್ಲಿ ಹನುಮಂತ ಬೆಟ್ಟದಷ್ಟು ದೊಡ್ಡದಾಗಿ ಕೂತಿದ್ದಾನೆ, ಬಾಯಲ್ಲಿ ರಾಮನ ಬಿಡಾರ. ಮೈಯರಾಪ್ ಅನ್ನುವವನು ರಾಮನನ್ನ ಕದಿಯಲು ಬರುತ್ತಾನೆ ಅಂತ ಹನುಮಂತ ಹಾಗೆ ಕಾವಲು ಕಾಯುವುದು. ನಾನು ಫೋನಿನಲ್ಲಿ ಓದಿ ಹೇಳುತ್ತಿದ್ದಂತೆ ಚಿಕ್ಕಮ್ಮ, "ಮೈರಾವಣ ಕಾಳಗ!" ಅಂತ ಜೋರಾಗಿ ಹೇಳಿಬಿಟ್ಟರು. ಅಲ್ಲಿಂದ ಮುಂದೆ ನನ್ನ ಫೋನು ಬೇಕಾಗಲಿಲ್ಲ. ಇದು ಲಂಕೆ, ಇದು ಸೇತುವೆ, ಇವನು ಕುಂಭಕರ್ಣ ಅಂತ ಅವರೇ ತೋರಿಸುತ್ತಾ ಹೋದರು. ನಾವು ಒಂದೂವರೆ ತಾಸು ಆ ಗೋಡೆಯ ಹತ್ತಿರವೇ ಇದ್ದೆವು. ಹಸಿರು ಮುಖದ ರಾವಣ ಬಾಗಿಲು ಕಾಯುತ್ತಾ ನಿಂತಿದ್ದಾನೆ, ಅವನ ಹೆಸರು ಅಲ್ಲಿ ತೋತ್ಸಕನ್, ನಮ್ಮ ದಶಕಂಠನೇ.

ಅದೇ 500ರ ಟಿಕೆಟ್‌ನಲ್ಲಿ ಖೋನ್ ಅನ್ನುವ ಮುಖವಾಡದ ಆಟದ ಸಣ್ಣ ಪ್ರದರ್ಶನವೂ ಸೇರಿದೆ. ಬಹಳ ಜನಕ್ಕೆ ಗೊತ್ತಿಲ್ಲದೆ ಬಿಟ್ಟು ಹೋಗುತ್ತಾರೆ. ಸಮಯ ಕೌಂಟರ್‌ನಲ್ಲಿ ಕೇಳಿ. ಅಲ್ಲಿ ಮುಖವಾಡ ಹಾಕಿದವರು ಮಾತಾಡುವುದಿಲ್ಲ, ಪಕ್ಕದಲ್ಲಿ ಕೂತವರು ಹಾಡಿ ಮಾತನ್ನೂ ಹೇಳುತ್ತಾರೆ. 2018ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಕಲೆ ಅದು.

ವಾಟ್ ಫೋದಲ್ಲಿ 46 ಮೀಟರ್ ಉದ್ದದ ಮಲಗಿದ ಬುದ್ಧ, 300 ಬಾಟ್. ಎದುರು ದಡದಲ್ಲಿ ವಾಟ್ ಅರುಣ್, ನಮ್ಮ ಅರುಣನದೇ ಹೆಸರು, 200 ಬಾಟ್. ದುಡ್ಡು ಉಳಿಸಬೇಕಾದರೆ ವಾಟ್ ಅರುಣ್‌ಗೆ ಟಿಕೆಟ್ ಬೇಡ, ಈ ದಡದಲ್ಲಿ ಸಂಜೆ ಕೂತು ನೋಡಿ. ಲುಂಫಿನಿ ಉದ್ಯಾನಕ್ಕೆ ದುಡ್ಡಿಲ್ಲ. ನಾಲ್ಕು ಮುಖದ ಬ್ರಹ್ಮನ ಎರಾವಣ್ ಗುಡಿಗೂ ದುಡ್ಡಿಲ್ಲ. ಸೀಲೋಮ್ ರಸ್ತೆಯಲ್ಲಿ ತಮಿಳರು 1879ರಲ್ಲಿ ಕಟ್ಟಿದ ಮಾರಿಯಮ್ಮನ ಗುಡಿ ಇದೆ. ಚತುಚಕ್ ಸಂತೆ ಶನಿವಾರ, ಭಾನುವಾರ. ಸಾವಿರಾರು ಅಂಗಡಿ, ಬೆಳಿಗ್ಗೆ ಒಂಬತ್ತಕ್ಕೇ ಹೋಗಿ ಹನ್ನೊಂದರೊಳಗೆ ಹೊರಬನ್ನಿ.

ಒಂದು ದಿನ ಊರ ಹೊರಗೆ ಹೋಗಬೇಕು ಅನ್ನಿಸಿದರೆ?

ಅಯುತ್ಥಯಾ. 80 ಕಿಲೋಮೀಟರ್ ದೂರ. ಹೆಸರು ಅಯೋಧ್ಯೆಯದು. ಹಳೇ ರಾಜಧಾನಿ, 1767ರಲ್ಲಿ ಬರ್ಮಾದ ಸೈನ್ಯ ಹಾಳುಗೆಡವಿತು. ಹುವಾ ಲಂಫೋಂಗ್‌ನಿಂದ ಮೂರನೇ ದರ್ಜೆ ರೈಲಿಗೆ 15–20 ಬಾಟ್ ಅಷ್ಟೇ. ಕಿಟಕಿ ತೆರೆದಿರುತ್ತದೆ, ಗದ್ದೆ ನೋಡುತ್ತಾ ಹೋಗಬಹುದು. ಹಂಪಿ ನೋಡಿದವರಿಗೆ ಆ ಮುರಿದ ಗೋಡೆಗಳ ನಡುವೆ ನಡೆಯುವಾಗ ಏನನ್ನಿಸುತ್ತದೆ ಅಂತ ಬೇರೆ ಹೇಳಬೇಕಾಗಿಲ್ಲ.

ಮೋಸ ಮಾಡ್ತಾರಂತೆ, ಹೌದಾ?

ಜೇಬುಗಳ್ಳತನಕ್ಕಿಂತ ಮಾತಿನ ಮೋಸ ಜಾಸ್ತಿ. ಅರಮನೆ ಹತ್ತಿರ ಇಸ್ತ್ರಿ ಮಾಡಿದ ಅಂಗಿ ಹಾಕಿದ ಒಬ್ಬರು ಬಹಳ ಮರ್ಯಾದೆಯಿಂದ ನಮ್ಮ ಹತ್ತಿರ ಬಂದರು. ಇವತ್ತು ಅರಮನೆ ರಜೆ, ಬೇರೆ ದೇವಸ್ಥಾನ ತೋರಿಸುತ್ತೇನೆ, ಟುಕ್‌ಟುಕ್‌ಗೆ 40 ಬಾಟ್ ಸಾಕು ಅಂದರು. ನಾನು ಹತ್ತಲು ಹೊರಟಿದ್ದೆ. ಅಮ್ಮ, "ರಜೆ ಆದ್ರೆ ಅಷ್ಟು ಜನ ಆ ಬಾಗಿಲಲ್ಲಿ ಎಂತಕ್ಕೆ ಒಳಗೆ ಹೋಗ್ತಿದಾರೆ?" ಅಂದರು. ತಿರುಗಿ ನೋಡಿದೆ. ಹೌದು. ಹತ್ತಿದ್ದರೆ ಹರಳಿನ ಅಂಗಡಿಗೋ ಬಟ್ಟೆ ಅಂಗಡಿಗೋ ಕರೆದುಕೊಂಡು ಹೋಗಿ ಕೂರಿಸುತ್ತಾರೆ. ರಜೆ ಅಂತ ಯಾರು ಹೇಳಿದರೂ ನೇರ ಗೇಟಿನವರೆಗೆ ನಡೆದು ನೋಡಿ. ಟಿಕೆಟ್ ಕೊಡುವುದು ಬೆಳಿಗ್ಗೆ ಎಂಟೂವರೆಯಿಂದ ಮಧ್ಯಾಹ್ನ ಮೂರೂವರೆವರೆಗೆ.

ಟ್ಯಾಕ್ಸಿಯಲ್ಲಿ ಮೀಟರ್ ಹಾಕಲು ಹೇಳಿ, 35 ಬಾಟ್‌ನಿಂದ ಶುರುವಾಗುತ್ತದೆ. ಒಪ್ಪದಿದ್ದರೆ ಇಳಿದು ಇನ್ನೊಂದು ಹಿಡಿಯಿರಿ.

ದುಡ್ಡು ಹೇಗೆ ಒಯ್ಯೋದು?

ನಮ್ಮ ಎಟಿಎಂ ಕಾರ್ಡ್ ಅಲ್ಲಿ ನಡೆಯುತ್ತದೆ. ಆದರೆ ಪ್ರತಿ ಸಲ ತೆಗೆದಾಗಲೂ ಅಲ್ಲಿನ ಬ್ಯಾಂಕ್ 220 ಬಾಟ್ ಅಥವಾ ಅದಕ್ಕೂ ಜಾಸ್ತಿ ಹಿಡಿಯುತ್ತದೆ, ನಮ್ಮ ಬ್ಯಾಂಕಿನದು ಬೇರೆ. ಎರಡೆರಡು ಸಾವಿರ ತೆಗೆಯುವವರಿಗೆ ದೊಡ್ಡ ನಷ್ಟ. ಸ್ವಲ್ಪ ಬಾಟ್ ಇಲ್ಲೇ ಮಾಡಿಸಿಕೊಂಡು, ಉಳಿದದ್ದು ಫಾರೆಕ್ಸ್ ಕಾರ್ಡ್‌ನಲ್ಲಿ (ಮೊದಲೇ ವಿದೇಶಿ ದುಡ್ಡು ತುಂಬಿಸಿಕೊಳ್ಳುವ ಕಾರ್ಡ್) ಹಾಕಿಸಿ. ಡಾಲರ್ ಒಯ್ದರೆ ಸುವರ್ಣಭೂಮಿಯ ನೆಲಮಾಳಿಗೆಯಲ್ಲಿ, ರೈಲಿನ ಹತ್ತಿರದ ಕೌಂಟರ್‌ಗಳಲ್ಲಿ ಬದಲಾಯಿಸಿ. ಮೇಲಿನ ಮಹಡಿಗಿಂತ ಒಳ್ಳೇ ದರ ಸಿಗುತ್ತದೆ. ಭಾರತದ ನೋಟು 25 ಸಾವಿರದವರೆಗೆ ಮಾತ್ರ ಒಯ್ಯಬಹುದು.

ಯಾವಾಗ ಹೋಗೋದು ಒಳ್ಳೇದು?

ನವೆಂಬರ್‌ನಿಂದ ಫೆಬ್ರವರಿ. ಆದರೆ ನಮ್ಮಲ್ಲಿ ಅದು ಅಡಿಕೆ ಕೊನೆ ಕೊಯ್ಲಿನ ಹೊತ್ತು, ತೋಟ ಬಿಟ್ಟು ಹೊರಡುವುದು ಕಷ್ಟ. ನಾವು ಜೂನ್‌ನಲ್ಲಿ ಹೋದೆವು. ಮಳೆಗಾಲ, ಆದರೆ ರೂಮು ಅಗ್ಗ. ಆಗುಂಬೆ ಮಳೆ ನೋಡಿದವರು ಹೆದರಬೇಕಾಗಿಲ್ಲ. ದಿನಗಟ್ಟಲೆ ಹಿಡಿದುಕೊಳ್ಳುವ ಮಳೆ ಅಲ್ಲ ಅದು, ಮಧ್ಯಾಹ್ನದ ಮೇಲೆ ಒಂದು ತಾಸು ಜೋರಾಗಿ ಬಂದು ನಿಲ್ಲುತ್ತದೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ರಸ್ತೆಯಲ್ಲಿ ನೀರು ನಿಲ್ಲುವುದು ಜಾಸ್ತಿ. ಏಪ್ರಿಲ್ ಬಿಸಿಲು ಹಿರಿಯರಿಗೆ ಬೇಡವೇ ಬೇಡ. ಏಪ್ರಿಲ್ 13ರಿಂದ 15 ಸೊಂಗ್‌ಕ್ರಾನ್ ಹಬ್ಬ, ಬೀದಿಯಲ್ಲಿ ಎಲ್ಲರೂ ಎಲ್ಲರಿಗೂ ನೀರು ಎರಚುತ್ತಾರೆ.

ಬಟ್ಟೆ, ನಡತೆ?

ದೇವಸ್ಥಾನಕ್ಕೆ ಭುಜ, ಮಂಡಿ ಮುಚ್ಚಬೇಕು. ಸೀರೆ, ಚೂಡಿದಾರ್‌ಗೆ ಯಾವ ತಕರಾರೂ ಇಲ್ಲ. ಕೈ ಮುಗಿದರೆ ಅವರೂ ಕೈ ಮುಗಿಯುತ್ತಾರೆ. 'ಸವಾತ್‌ದೀ' ಅಂದರೆ ನಮಸ್ಕಾರ, ನಮ್ಮ 'ಸ್ವಸ್ತಿ'ಯಿಂದ ಹೋದ ಮಾತು. ರಾಜಮನೆತನದ ಬಗ್ಗೆ ಹಗುರವಾಗಿ ಒಂದು ಮಾತೂ ಆಡಬೇಡಿ, ಅದಕ್ಕೆ ಕಠಿಣ ಕಾನೂನಿದೆ. ಇ-ಸಿಗರೇಟ್ ಒಯ್ಯಬೇಡಿ, ಅಲ್ಲಿ ನಿಷೇಧ.

ಶೌಚಾಲಯ?

ಮಾಲ್‌ಗಳಲ್ಲಿ ಉಚಿತ, ಚೊಕ್ಕ. ನೀರಿನ ಪೈಪೂ ಇರುತ್ತದೆ. ಸಂತೆಗಳಲ್ಲಿ 5 ಬಾಟ್ ಚಿಲ್ಲರೆ ಇಟ್ಟುಕೊಳ್ಳಿ.

ಜನಜಂಗುಳಿಯಲ್ಲಿ ತಪ್ಪಿಸಿಕೊಂಡರೆ?

ಹೋಟೆಲಿನ ಹೆಸರು ವಿಳಾಸವನ್ನ ಥಾಯ್ ಲಿಪಿಯಲ್ಲಿ ಬರೆದ ಚೀಟಿ ಎಲ್ಲರ ಹತ್ತಿರವೂ ಇರಲಿ, ಫೋನಿನಲ್ಲಿ ಮಾತ್ರ ಅಲ್ಲ, ಕಾಗದದಲ್ಲಿ. ಚಾರ್ಜ್ ಮುಗಿದ ಫೋನು ದಾರಿ ಹೇಳುವುದಿಲ್ಲ. ಜೊತೆಗೆ 200 ಬಾಟ್. ಅಮ್ಮ ಅದನ್ನ ಸೆರಗಿನ ಗಂಟಿಗೆ ಕಟ್ಟಿಕೊಂಡಿದ್ದರು. ರೈಲಿನಲ್ಲಿ ಯಾರಾದರೂ ಹತ್ತದೆ ಉಳಿದರೆ, ಉಳಿದವರು ಅಲ್ಲೇ ನಿಲ್ಲುವುದು, ಹತ್ತಿದವರು ಮುಂದಿನ ಸ್ಟೇಷನ್‌ನಲ್ಲಿ ಇಳಿದು ವಾಪಸ್ ಬರುವುದು ಅಂತ ಮೊದಲೇ ಮಾತಾಡಿಕೊಳ್ಳಿ. ನಮಗೆ ಇದು ಒಂದು ಸಲ ನಿಜವಾಗಿ ಬೇಕಾಯಿತು. ಚಿಕ್ಕಮ್ಮ ಪ್ಲಾಟ್‌ಫಾರ್ಮ್‌ನಲ್ಲಿ ಬ್ಯಾಗು ತಬ್ಬಿಕೊಂಡು ನಿಂತ ಜಾಗದಿಂದ ಒಂದಡಿಯೂ ಅಲ್ಲಾಡಿರಲಿಲ್ಲ.

ಎಲೆ ಅಡಿಕೆ ಹಾಕುವವರು ಏನು ಮಾಡೋದು?

ನಗಬೇಡಿ, ಇದು ನನಗೆ ಜಾಸ್ತಿ ಸಲ ಬಂದ ಪ್ರಶ್ನೆ. ಅಮ್ಮನಿಗೂ ಊಟವಾದ ಮೇಲೆ ಎಲೆ ಅಡಿಕೆ ಬೇಕು. ಒಂದು ಕಾಲದಲ್ಲಿ ಅವರೂ ಹಾಕುತ್ತಿದ್ದರು. ಅಡಿಕೆಗೆ ಅಲ್ಲಿ 'ಮಾಕ್', ವೀಳ್ಯದೆಲೆಗೆ 'ಫ್ಲೂ'. 1940ರ ದಶಕದಲ್ಲಿ ಅಲ್ಲಿನ ಸರ್ಕಾರ ಇದನ್ನ ಹಳೇ ಕಾಲದ ಚಾಳಿ ಅಂತ ನಿಷೇಧ ಮಾಡಿತು, ಆಮೇಲೆ ಪಟ್ಟಣದಲ್ಲಿ ಅಭ್ಯಾಸ ಬಿಟ್ಟುಹೋಯಿತು. ಹಾಗಾಗಿ ರಸ್ತೆಯಲ್ಲಿ ಉಗುಳುವುದಂತೂ ಬೇಡವೇ ಬೇಡ.

ನದಿಯ ಆಚೆ ತಲಾತ್ ಫ್ಲೂ ಅನ್ನುವ ಬಡಾವಣೆ ಇದೆ, ಸ್ಕೈಟ್ರೇನ್ ಸ್ಟೇಷನ್‌ಗೂ ಅದೇ ಹೆಸರು. ಅರ್ಥ ವೀಳ್ಯದೆಲೆ ಸಂತೆ. ಹಿಂದೆ ಅಲ್ಲಿ ಎಲೆತೋಟಗಳಿದ್ದವು. ಈಗ ತಿಂಡಿ ಅಂಗಡಿಗಳ ಬೀದಿ. ಕೊನೆಯ ದಿನ ಸಂಜೆ ಅಮ್ಮನೇ ಕೇಳಿ ಅಲ್ಲಿಗೆ ಬಂದರು. ಎಲೆ ಸಿಗಲಿಲ್ಲ. ರೈಲು ಹಳಿಯ ಪಕ್ಕ ಒಂದು ಅಂಗಡಿಯ ಮುಂದೆ ತೊಂಬತ್ತರ ಹತ್ತಿರದ ಅಜ್ಜಿ ಕೂತಿದ್ದರು. ಅಮ್ಮ ತಮ್ಮ ಚೀಲದಿಂದ ಮನೆಯ ಕೆಂಪಡಿಕೆಯ ಒಂದು ಹೋಳು ತೆಗೆದು ಅಂಗೈ ಮೇಲಿಟ್ಟು ತೋರಿಸಿದರು. ಆ ಅಜ್ಜಿ ಅದನ್ನ ತೆಗೆದುಕೊಂಡು, ಮೂಸಿ, "ಮಾಕ್" ಅಂದರು. ಅಮ್ಮ, "ಅಡಿಕೆ" ಅಂದರು. ಅಜ್ಜಿ ಪಕ್ಕದ ಪ್ಲಾಸ್ಟಿಕ್ ಕುರ್ಚಿ ಎಳೆದು ಅಮ್ಮನಿಗೆ ಕೂರಲು ಹಾಕಿದರು.